‘ನೀಲಕೊಳ’ ಎಂದು ನೀವು ಬೋರ್ಡು ಹಾಕಿಸಿದ ನನ್ನ ದೂರು

ಪ್ರವಾಸಿ ತಾಣಗಳ ಪ್ರಚಾರಕ್ಕೆ ಸಹಿ ಹಾಕುವ ಮಾನ್ಯ ಸಾಹೇಬರೇ,

ಜಡೆ ಊರಿನ ಬಸ್ ನಿಲ್ದಾಣದ ಎದುರು ನೀವು ನಿಲ್ಲಿಸಿರುವ ‘ನೀಲಕೊಳ: ಪ್ರಕೃತಿಯ ಮಡಿಲಲ್ಲಿ ಒಂದು ದಿನ’ ಎಂಬ ಬೋರ್ಡನ್ನು ಮೊದಲು ಇಳಿಸಿ. ಅದರಲ್ಲಿರುವುದು ಕೊಳವಲ್ಲ, ಪ್ರಕೃತಿಯೂ ಅಲ್ಲ. ಉಡುತಡಿ ಆಚೆಯ ಗುಡ್ಡವೊಂದನ್ನು ಜಲ್ಲಿ ಕ್ರಷರಿನವರು ಹನ್ನೊಂದು ವರ್ಷ ತಿಂದು, ಕಲ್ಲು ಮುಗಿಯಿತೆಂದು ಬಿಟ್ಟುಹೋದ ಹೊಂಡ ಅದು. ಅರವತ್ತು ಅಡಿ ಆಳ, ಗೋಡೆಯಂತೆ ನೆಟ್ಟಗೆ ಕಡಿದ ಅಂಚು, ಸುತ್ತ ಒಂದು ಗೂಟವೂ ಇಲ್ಲ. ನಿನಗೆ ಹೇಗೆ ಗೊತ್ತು ಅಂತೀರಾ? ಬೋರ್ಡಿನ ಮೇಲಿರುವ ಆ ಫೋಟೋ ತೆಗೆದವನು ನಾನೇ. ಶಿಕಾರಿಪುರದಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಹೊಂಡಕ್ಕೆ ಬೇಲಿ ಹಾಕಿಸಿ ಎಂದು ಹೋದ ವರ್ಷ ನಿಮ್ಮ ಕಚೇರಿಗೆ ಕೊಟ್ಟ ದೂರಿನ ಜೊತೆ ಅದನ್ನು ಲಗತ್ತಿಸಿದ್ದೆ.

ದೂರು ಓದುವಷ್ಟು ಪುರುಸೊತ್ತು ನಿಮಗಿರಲಿಲ್ಲ, ಫೋಟೋ ಮೆಚ್ಚುವಷ್ಟು ಇತ್ತು. ಅರ್ಜಿ ಪಡೆದಾಗಲೇ ನಿಮ್ಮ ಗುಮಾಸ್ತರು, “ಏನ್ರೀ ಉಜ್ಜಪ್ನೋರೆ, ಭಾರೀ ಚಲೋ ಬಂದೈತಲ್ರೀ! ಇದು ನಮ್ ಕಡೇದಾ?” ಎಂದು ಕಣ್ಣರಳಿಸಿದ್ದರು. “ಬೇಲಿ ಬೇಕ್ರೀ ಸರ್, ಯಾರಾರ ಬಿದ್ದಾರು” ಎಂದೆ. “ನೋಡೋಣ ಬಿಡ್ರೀ” ಎಂದರು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ನಿಮ್ಮ ಹಾಗೆ ಮುಚ್ಚಿಡುವ ಅಭ್ಯಾಸವಿಲ್ಲ. ಮದುವೆ ಫೋಟೋ ತೆಗೆಯುವವನ ಕೈ ಸುಮ್ಮನಿರುವುದಿಲ್ಲ. ಕಲ್ಲುಪುಡಿ ಕಲೆತ ನೀರು ಮಂಕಾಗಿತ್ತು. ಕಂಪ್ಯೂಟರಿನಲ್ಲಿ ನೀಲಿ ಏರಿಸಿದೆ. ಮದುಮಗಳ ಮೊಡವೆ ಅಳಿಸುವ ಹಾಗೆ ದಡದಲ್ಲಿದ್ದ ತುಕ್ಕು ಯಂತ್ರವನ್ನೂ ಅಳಿಸಿದೆ. ದೂರಿನ ಮುಖಕ್ಕೇ ಪೌಡರ್ ಬಳಿದ ಪುಣ್ಯಾತ್ಮ ನಾನು. ಥೂ, ನನ್ನ ಕೈಗೆ ಬೆಂಕಿ ಬೀಳಲಿ! ಆದರೆ ನಾನು ಬಣ್ಣ ಹಚ್ಚಿದ್ದು ಒಂದು ಕಾಗದಕ್ಕೆ. ಸ್ಥಳಕ್ಕೆ ಕಾಲಿಡದೆ ಅದಕ್ಕೊಂದು ಹೆಸರಿಟ್ಟು, ದಾರಿ ತೋರಿಸುವ ಬಾಣ ಬರೆಸಿ, ಜನರನ್ನು ಕರೆದವರು ನೀವು.

ಜಡೆಯ ಬಿಂದುಶ್ರೀ ಬಂದಳು. ಇಪ್ಪತ್ಮೂರು ವರ್ಷ. ಸೊರಬದ ಬಟ್ಟೆ ಅಂಗಡಿಯಲ್ಲಿ ಕೆಲಸ. ಚನ್ನೇಶ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿ ಹನ್ನೆರಡು ದಿನವಾಗಿತ್ತು. ಬೋರ್ಡು ನೋಡಿ, ಲಗ್ನಪತ್ರಿಕೆಗೊಂದು ಫೋಟೋ ಆಗುತ್ತದೆಂದು ಇಬ್ಬರೂ ಭಾನುವಾರ ಬೈಕಿನಲ್ಲಿ ಹೋದರು. ಅವಳು ಅಂಚಿನಲ್ಲಿ ನಿಂತಳು. ಅವನು ಮೊಬೈಲ್ ಹಿಡಿದು “ಒಂಚೂರು ಹಿಂದೆ ಹೋಗು” ಎಂದನಂತೆ. ಹೋದಳು. ಮೇಲೆತ್ತಲು ಆರು ತಾಸು ಹಿಡಿಯಿತು. ಪಂಚನಾಮೆಗೆ ಫೋಟೋ ತೆಗೆಯಲು ಪೊಲೀಸರು ಕರೆದದ್ದು ನನ್ನನ್ನೇ. ಅದನ್ನೂ ನಿಮಗೆ ಕಳಿಸಲೇ? ಬರುವ ವರ್ಷದ ಕ್ಯಾಲೆಂಡರಿಗೆ ಆದೀತೇ?

ಅವಳ ತಾಯಿ ಮಾಸ್ತಮ್ಮ ಬಾಗಿಲು ತೆರೆದರೆ ಎದುರಿಗೆ ಕಾಣುವುದು ನಿಮ್ಮ ಬೋರ್ಡೇ. “ಅಣ್ಣಾ, ಬೆಳಗಾದ್ರೆ ಅದನ್ನೇ ನೋಡ್ಬೇಕು. ಹೆಂಗಾರ ಮಾಡಿ ತೆಗಿಸ್ಕೊಡ್ರೀ” ಎಂದು ನನ್ನ ಸ್ಟುಡಿಯೊ ಮೆಟ್ಟಿಲ ಮೇಲೆ ಕೂತು ಅತ್ತರು. ನಿಮ್ಮ ಕಚೇರಿಗೆ ಹೋದೆ. ಬೋರ್ಡಿನ ಗುತ್ತಿಗೆ ಮಾರ್ಚ್‌ವರೆಗೆ ಇದೆಯಂತೆ, ಇಳಿಸಲು ಬರುವುದಿಲ್ಲವಂತೆ. ಬೇಲಿಯ ದೂರು ಮಾತ್ರ ಎಂದೋ ಮುಗಿದಿದೆ: ‘ಸದರಿ ಸ್ಥಳವನ್ನು ಪ್ರವಾಸಿ ತಾಣವಾಗಿ ಅಭಿವೃದ್ಧಿಪಡಿಸಿರುವುದರಿಂದ ಅರ್ಜಿ ವಿಲೇವಾರಿ ಮಾಡಲಾಗಿದೆ.’ ಅಭಿವೃದ್ಧಿ ಎಂದರೆ ನಾಲ್ಕು ಕಬ್ಬಿಣದ ಕಾಲಿನ ಮೇಲೊಂದು ಫ್ಲೆಕ್ಸ್ ಎಂದು ಈ ದಡ್ಡನಿಗೆ ತಿಳಿದಿರಲಿಲ್ಲ.

ಬರುವ ಭಾನುವಾರದೊಳಗೆ ಬೋರ್ಡು ಇಳಿಯಬೇಕು, ಹೊಂಡಕ್ಕೆ ಬೇಲಿ ಬೀಳಬೇಕು. ಇಲ್ಲದಿದ್ದರೆ ಸೋಮವಾರ ಹನ್ನೊಂದಕ್ಕೆ ಮಾಸ್ತಮ್ಮನವರನ್ನು ನಿಮ್ಮ ಕೋಣೆಗೇ ಕರೆತರುತ್ತೇನೆ. ಹೆದರಬೇಡಿ, ಅವರಿಗೆ ಪರಿಹಾರ ಬೇಡವಂತೆ. ನಿಮ್ಮನ್ನು ಒಂದೇ ಒಂದು ಮಾತು ಕೇಳಬೇಕಂತೆ:

“ಸಾಹೇಬ್ರೇ, ಅಷ್ಟ್ ಚಂದದ ಜಾಗಕ್ಕೆ ನಿಮ್ಮ ಮಗಳನ್ನ ಯಾಕ್ರೀ ಕಳಿಸ್ಲಿಲ್ಲ?”

ಇಂತಿ,
ನಿಮ್ಮ ಪ್ರಚಾರಕ್ಕೆ ಬಿಟ್ಟಿಯಾಗಿ ಒದಗಿದ,
ಉಜ್ಜಪ್ಪ, ಫೋಟೋಗ್ರಾಫರ್, ಶಿಕಾರಿಪುರ