ನಮ್ಮ ನಡುಮನೆಯ ಹಳದಿ ಗೆರೆ

ಗೃಹೋದ್ಯಮ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳೇ,

ಕೊಡುತ್ತೇವೆ ಎಂದದ್ದು: ಮನೆಯಲ್ಲೇ ಕೂತು ದುಡಿಯುವ ಹಕ್ಕು, ಒಂದೇ ಭೇಟಿಯಲ್ಲಿ ಪರವಾನಗಿ, ‘ಸಂಸಾರವೂ ಸುಗಮ, ಉದ್ಯಮವೂ ಸುಗಮ’ ಎಂಬ ಆಳೆತ್ತರದ ಭರವಸೆ. ಕೊಟ್ಟದ್ದು: ನಡುಮನೆಯ ನೆಲಕ್ಕೊಂದು ಹಳದಿ ಗೆರೆ. ಕೊಡದೆ ಇಟ್ಟುಕೊಂಡದ್ದು: ಮಿಕ್ಕಿದ್ದೆಲ್ಲ.

ನಾನು ಚೀಲ ರಿಪೇರಿಯವಳು. ಹರಿದ ಸ್ಕೂಲ್ ಬ್ಯಾಗು, ಹಲ್ಲುದುರಿದ ಜಿಪ್ಪು, ಹಿಡಿ ಕಿತ್ತ ಸೂಟ್‌ಕೇಸು ನನ್ನ ಅನ್ನ. ಬೀದಿಗೆ ತೆರೆಯುವ ನಡುಮನೆಯಲ್ಲಿ, ಕಿಟಕಿಯ ಕೆಳಗೆ ನನ್ನ ಹೊಲಿಗೆ ಯಂತ್ರ. ಎದುರಿನ ಗೋಡೆಗೆ ನನ್ನ ಅತ್ತೆಯ ಕಬ್ಬಿಣದ ಮಂಚ. ಪಾರ್ಶ್ವವಾಯು ಹೊಡೆದು ಅವರ ಎಡಭಾಗ ಬಿದ್ದುಹೋಗಿದೆ. ದನಿ ಪಿಸುಮಾತಿಗಿಂತ ಮೇಲೇಳುವುದಿಲ್ಲ. ಅದಕ್ಕೇ ಬಲಗೈಯಲ್ಲೊಂದು ಚಮಚ. ಮಂಚದ ಸರಳಿಗೆ ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಮಗ್ಗುಲು ಬದಲಿಸು. ಬಿಡದೆ ಬಡಿದರೆ ಗಂಟಲಿಗೆ ಕಫ ಸಿಕ್ಕಿದೆ, ಇದ್ದದ್ದು ಬಿಟ್ಟು ಓಡಿ ಬಾ. ನನ್ನ ಉದ್ಯಮ ಮನೆಯಲ್ಲೇ ಏಕೆ ನಡೆಯಬೇಕು ಎಂದು ನಿಮ್ಮ ಅರ್ಜಿಯಲ್ಲಿ ಕೇಳಿದ್ದಿರಿ. ಆ ಚಮಚದ ಸದ್ದು ಕೇಳಿಸುವಷ್ಟು ದೂರದಲ್ಲಿ ನಡೆಯಬೇಕು, ಅಷ್ಟೆ.

ಆದರೆ ನಿಮ್ಮ ನಿಯಮದ ಪ್ರಕಾರ ಉದ್ಯಮದ ಸ್ಥಳವು ಕುಟುಂಬದ ಸ್ಥಳದಿಂದ ‘ಸ್ಪಷ್ಟವಾಗಿ ಬೇರ್ಪಟ್ಟಿರತಕ್ಕದ್ದು’. ಬೇರ್ಪಡಿಸಲು ನಿಮ್ಮ ತಪಾಸಣೆಯವರು ಬಣ್ಣದ ಡಬ್ಬಿ, ಕುಂಚ ಹಿಡಿದೇ ಬಂದರು. ಬೀದಿಬಾಗಿಲಿನಿಂದ ಹೊರಟ ಗೆರೆ ಅಡುಗೆಮನೆಯ ಹೊಸ್ತಿಲಿಗೆ ಮುಟ್ಟಬೇಕಿತ್ತು; ನಡುವೆ ಮಂಚ ಅಡ್ಡ ಬಂತು. ಅವರು ಎದೆಗುಂದಲಿಲ್ಲ. ಬೋರಲು ಮಲಗಿ ಮಂಚದ ಕೆಳಗೆ ತೂರಿ ಕುಂಚ ಎಳೆದರು. ಅತ್ತೆ ಪಿಸುಗುಟ್ಟಿದರು: “ಹೇಗೂ ಒಳಗೆ ಹೋಗಿದೀಯಲ್ಲ ಮಗಾ, ಅಲ್ಲಿರೋ ಕಸಾನೂ ಎಳ್ಕೊಂಡು ಬಾ.”

ಹೀಗೆ ಸೊಂಟದಿಂದ ಮೇಲೆ ನನ್ನ ಅತ್ತೆ ಕುಟುಂಬ, ಸೊಂಟದಿಂದ ಕೆಳಗೆ ಉದ್ಯಮ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಹಿರಿಯರು ಹೇಳಿದ್ದರು. ಅತ್ತೆಗೊಂದು ಬದಿ, ಸೊಸೆಗೊಂದು ಬದಿ ಎಂಬುದು ನಿಮ್ಮ ಕೊಡುಗೆ.

“ನೋಡೀಮ್ಮಾ, ವ್ಯಾಪಾರದ ಹೊತ್ತಲ್ಲಿ ಮನೆಯವರು ಈ ಕಡೆ ಬರೋ ಹಾಗಿಲ್ಲ, ನೀವು ಆ ಕಡೆ ಹೋಗೋ ಹಾಗಿಲ್ಲ,” ಎಂದರು ನಿಮ್ಮವರು, ಮೊಣಕಾಲಿನ ಧೂಳು ಕೊಡವುತ್ತಾ.

“ಒಲೆ ಮೇಲೆ ಹಾಲಿದೆಯಲ್ಲ ಸಾರ್?”

“ಅದು ಕುಟುಂಬದ ಹಾಲು. ಕುಟುಂಬ ನೋಡ್ಕೊಳ್ಳುತ್ತೆ.”

“ಕುಟುಂಬ ಅಂದ್ರೆ ನಾನೇ ಅಲ್ವಾ?”

“ಈಗ ನೀವು ಉದ್ಯಮಿ.”

ಉದ್ಯಮಿ ನೋಡುತ್ತಾ ನಿಂತಳು, ಹಾಲು ಉಕ್ಕಿತು. ಕಾನೂನು ಓದದ ಹಾಲು.

ಮೊದಲ ದಿನಗಳಲ್ಲಿ ನಾವು ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆವು. ಬಸ್ ಓಡಿಸುವ ನನ್ನ ಗಂಡ ಕೆಲಸ ಮುಗಿಸಿ ಬಂದು ಗೆರೆಯ ಹತ್ತಿರ ನಿಂತು, “ಟಿಕೆಟ್ ತಗೊಂಡು ದಾಟ್ಬೇಕೋ, ಪಾಸ್ ನಡೆಯುತ್ತೋ?” ಎಂದ. ಶಾಲೆಯಿಂದ ಬಂದ ಮಗಳು ಗೆರೆಗೆ ಹೆಬ್ಬೆರಳು ತಾಗಿಸಿ ನಿಂತು ಕೂಗಿದಳು: “ಅಂಗಡಿಯವ್ರೇ, ನಮ್ಮಮ್ಮ ಇದಾರಾ?”

“ಇದಾರೆ. ಏನಾಗ್ಬೇಕಿತ್ತು?”

“ಅವ್ರ ಮಗಳಿಗೆ ಹಸಿವಾಗಿದೆಯಂತೆ, ಸ್ವಲ್ಪ ಹೇಳ್ತೀರಾ?”

ಎಲ್ಲರೂ ನಕ್ಕೆವು. ಮೂರನೆಯ ಸಲ ಅವಳು ಹಾಗೆ ಕೇಳಿದಾಗ ನನಗೆ ನಗು ಬರಲಿಲ್ಲ.

ನಿಮ್ಮವರು ಮತ್ತೆ ಬಂದರು, ಮಂಚ ಇನ್ನೂ ಗೆರೆಯ ಮೇಲೇ ಇದೆಯೆಂಬ ಕಾರಣಕ್ಕೆ ನೋಟೀಸು ಕೊಡಲು. ನೋಟೀಸು ಚೀಲದೊಳಗಿತ್ತು, ಚೀಲದ ಜಿಪ್ಪು ಸಿಕ್ಕಿಕೊಂಡಿತ್ತು. ಎಳೆದರು, ಜಗ್ಗಿದರು, ಹಲ್ಲಿನಿಂದ ಕಚ್ಚಿದರು. ಕೊನೆಗೆ ಚೀಲವನ್ನು ನನ್ನ ಮುಂದೆ ಇಟ್ಟು, “ಸ್ವಲ್ಪ ನೋಡೀಮ್ಮಾ,” ಎಂದರು. ನನ್ನ ಕೊರಳಿಗೆ ಬೀಳುವ ಹಗ್ಗ ಹೊರತೆಗೆಯಲು ನನ್ನದೇ ಇಕ್ಕಳ! ಏನು ಮಾಡಲಿ, ಗಿರಾಕಿ ಗಿರಾಕಿಯೇ. ಜಿಪ್ಪಿನ ರನ್ನರ್ ಬಿಡಿಸುತ್ತಿದ್ದೆ. ಆಗ ಚಮಚ ಬಡಿಯಿತು. ಬಿಡದೆ ಬಡಿಯಿತು.

ನಾನೆದ್ದೆ. “ಈಗ ಹತ್ತೂವರೆ, ವ್ಯಾಪಾರದ ಹೊತ್ತು. ದಾಟಿದ್ರೆ ಬರ್ಕೋಬೇಕಾಗುತ್ತೆ,” ಎಂದರು ನಿಮ್ಮವರು. ದಾಟಿದೆ. ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ತಟ್ಟಿ, ಬಾಯೊಳಗೆ ಬೆರಳು ಹಾಕಿ ಕಫ ತೆಗೆದೆ. ನೀಲಿಗಟ್ಟಿದ್ದ ತುಟಿಗೆ ಬಣ್ಣ ಬರುವವರೆಗೂ ಅಲ್ಲೇ ಕೂತಿದ್ದೆ. ಆಮೇಲೆ ವಾಪಸ್ ಬಂದು ಜಿಪ್ಪು ಮುಗಿಸಿದೆ. ನಿಮ್ಮವರು ಸಲೀಸಾಗಿ ಚೀಲ ತೆರೆದು, ನೋಟೀಸು ತೆಗೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ಪರಿಶೀಲನೆಯ ವೇಳೆಯಲ್ಲೇ ಗೆರೆ ಉಲ್ಲಂಘಿಸಿರುತ್ತಾರೆ.’

ಅವರು ಹೋದ ಮೇಲೆ ಅತ್ತೆ ಪಿಸುಗುಟ್ಟಿದರು: “ಆ ಜಿಪ್ಪನ್ನ ಎಂದೂ ಬಿಚ್ಕೊಳ್ದ ಹಾಗೆ ಹೊಲಿದುಬಿಡಬೇಕಿತ್ತು ಕಣೇ. ನಿಂಗೆ ವ್ಯವಹಾರ ಗೊತ್ತಿಲ್ಲ.”

ಈಗ ನಿಮ್ಮ ಆಜ್ಞೆ: ತಿಂಗಳೊಳಗೆ ಮಂಚ ಹಿಂದಿನ ಕೋಣೆಗೆ ಹೋಗಬೇಕು, ಇಲ್ಲವೇ ಯಂತ್ರ ಮಾರುಕಟ್ಟೆ ಮಳಿಗೆಗೆ ಹೋಗಬೇಕು. ಹಿಂದಿನದು ಕಿಟಕಿಯಿಲ್ಲದ, ಸಾಮಾನು ಪೇರಿಸಿದ ಕೋಣೆ. ಯಂತ್ರ ಓಡುವಾಗ ಅಲ್ಲಿ ಗುಡುಗಿದರೂ ಇಲ್ಲಿ ಕೇಳುವುದಿಲ್ಲ. ಮಾರುಕಟ್ಟೆಯಂತೂ ಊರಿನ ಆಚೆ ತುದಿ. ಯಾವುದನ್ನು ಒಪ್ಪಿದರೂ ಒಂದು ದಿನ ಚಮಚ ಬಡಿಯುತ್ತದೆ, ಯಾರಿಗೂ ಕೇಳುವುದಿಲ್ಲ. ಆ ದಿನ ಕುಟುಂಬವೂ ಉದ್ಯಮವೂ ಸ್ಪಷ್ಟವಾಗಿ ಬೇರ್ಪಟ್ಟಿರುತ್ತವೆ. ಬಂದು ಅಳತೆ ತೆಗೆದುಕೊಳ್ಳುತ್ತೀರಾ?

ಮನೆಯಲ್ಲಿ ದುಡಿಯುವುದು ಸ್ವರ್ಗವೆಂದು ನಾನು ಸುಳ್ಳು ಹೇಳಲಾರೆ. ತುತ್ತು ಬಾಯಿಗಿಡುವಾಗಲೇ ಗಿರಾಕಿ ಬಾಗಿಲು ತಟ್ಟುತ್ತಾನೆ. ಮಗಳು ಪಾಠ ಒಪ್ಪಿಸುವಾಗ ನನ್ನ ಕಣ್ಣು ಸೂಜಿಯ ಮೇಲಿರುತ್ತದೆ. ಹಿಂದೆ ಕಾರ್ಖಾನೆಯ ಗೇಟಿನಲ್ಲಿ ಬಿಸಿಲಿಗೆ ಕೂತು, ಲಾಠಿ ತಿಂದು, ದುಡಿಮೆಗೂ ಬದುಕಿಗೂ ನಡುವೆ ಒಂದು ಗೆರೆ ಬೇಕೆಂದು ಕೂಗಿದವರು ನಾವೇ ಸ್ವಾಮಿ! ಆ ಗೆರೆಯನ್ನು ನಾವು ಗಡಿಯಾರದಲ್ಲಿ ಕೇಳಿದೆವು, ಇಷ್ಟು ಗಂಟೆ ದುಡಿಮೆ, ಮಿಕ್ಕಿದ್ದು ಬದುಕು ಎಂದು. ನೀವು ತಂದು ಮುದುಕಿಯ ಮಂಚದ ಕೆಳಗೆ ಎಳೆದಿರಿ. ನಿಮ್ಮ ಕಚೇರಿಯಲ್ಲಿ ಕಡತದ ಮೇಲೆ ಊಟದ ಡಬ್ಬಿ ಬಿಚ್ಚುವುದಿಲ್ಲವೇ? ಮಗನ ಜ್ವರ ಇಳಿಯಿತೇ ಎಂದು ಕಚೇರಿಯ ಫೋನಿನಲ್ಲಿ ವಿಚಾರಿಸುವುದಿಲ್ಲವೇ? ವಿಚಾರಿಸಿ, ವಿಚಾರಿಸಲೇಬೇಕು. ಆದರೆ ನಿಮ್ಮ ಮೇಜಿನ ಮೇಲೆ ಹಳದಿ ಬಣ್ಣ ಏಕಿಲ್ಲ? ಮೂಗಿಗಿಂತ ಮೂಗುತಿ ಭಾರವಾಗುವುದು ನಮ್ಮ ಮೂಗಿಗೆ ಮಾತ್ರವೇ?

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ: ಗೆರೆಯ ನಿಯಮ ರದ್ದಾಗಬೇಕು. ಮಂಚ ಇದ್ದಲ್ಲೇ ಇರುವ ಹಾಗೆ, ಯಂತ್ರ ಇದ್ದಲ್ಲೇ ಓಡುವ ಹಾಗೆ ಪರವಾನಗಿ ಬರಬೇಕು. ನನ್ನೊಬ್ಬಳಿಗಲ್ಲ. ನಮ್ಮ ಬೀದಿಯ ಇಸ್ತ್ರಿಯವಳ ಮನೆಯಲ್ಲಿ ಗೆರೆ ತೊಟ್ಟಿಲನ್ನು ಸೀಳಿದೆ. ಪಾಠ ಹೇಳುವ ಮೇಷ್ಟ್ರ ಮನೆಯಲ್ಲಿ ಊಟದ ಮೇಜನ್ನು. ಅವರೆಲ್ಲ ಗೆರೆ ಅಳಿಸಲು ಸೀಮೆಎಣ್ಣೆ, ಉಜ್ಜುವ ಬ್ರಷ್ಷು ಹಿಡಿದು ನಮ್ಮ ನಡುಮನೆಗೆ ಬರುತ್ತಿದ್ದಾರೆ. ಅಧ್ಯಕ್ಷತೆ ನನ್ನ ಅತ್ತೆಯದು, ಮಂಚದಿಂದಲೇ. ತಾವೂ ಬನ್ನಿ, ಯಾವ ಬದಿಗಾದರೂ ಕೂರಿ. ನಮ್ಮದೂ ಒಂದೇ ಒಂದು ನಿಯಮವಿದೆ: ಚಮಚ ಬಡಿದರೆ, ಮಾತಾಡುತ್ತಿರುವವರು ತಾವೇ ಆಗಿದ್ದರೂ, ಬಾಯಿ ಮುಚ್ಚಬೇಕು. ಈ ಭಾನುವಾರ, ಸಂಜೆ ನಾಲ್ಕು ಗಂಟೆಗೆ.

ಇಂತಿ,
ಸ್ವಂತ ಮನೆಯಲ್ಲೇ ಗಡಿ ದಾಟಿ ಸಿಕ್ಕಿಬಿದ್ದ,
ನಿಮ್ಮ ಚೀಲದ ಜಿಪ್ಪು ಸರಿಮಾಡಿಕೊಟ್ಟವಳು