ಹೆಸರು ಹೇಳದ ಜಾಗ

ಅಕ್ಟೋಬರ್ ಒಂಬತ್ತು, ಗುರುವಾರ, ಮಧ್ಯಾಹ್ನ ಎರಡು ಗಂಟೆ. ದಕ್ಷಿಣ ಕೋನಾ, ಹವಾಯಿ. ಗಾಜಿನ ತೊಟ್ಟಿಗಳಿಗೆ ಮಾರಲು ನಮ್ಮ ಹವಳದ ದಿಬ್ಬಗಳಿಂದ ಮೀನು ಹಿಡಿಯುವುದನ್ನು ಪೂರ್ತಿ ನಿಷೇಧಿಸಬೇಕೋ, ಮತ್ತೆ ಪರವಾನಗಿ ಕೊಡಬೇಕೋ ಎಂಬ ವಿಚಾರಣೆ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೈಲುವಾದಲ್ಲಿ. ಮಾತನಾಡುವವರ ಪಟ್ಟಿಯಲ್ಲಿ ನಿನ್ನದು ಹನ್ನೊಂದನೆಯ ಹೆಸರು, ನನ್ನದು ಇಪ್ಪತ್ತಾರನೆಯದು. ಒಬ್ಬೊಬ್ಬರಿಗೆ ಮೂರು ನಿಮಿಷ.

ಪ್ರೀತಿಯ ತಮ್ಮ ಲೋಪಾಕನಿಗೆ,

ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ನಾವಿಬ್ಬರೂ ಮಾತಾಡಿಲ್ಲ. ಆರು ವರ್ಷವಾಯಿತು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಯಾರಾದರೂ ನಡುವೆ ಬಂದು ರಾಜಿ ಮಾಡಿಸುತ್ತಿದ್ದರು. ನೀನು ಮೇಲಿನ ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಹೋಗುವಾಗ ನಾನು ಕೈ ಎತ್ತುತ್ತೇನೆ, ನೀನೂ ಎತ್ತುತ್ತೀಯೆ. ಊರಿನ ಕಣ್ಣಿಗೆ ಅಕ್ಕ ತಮ್ಮ ಚೆನ್ನಾಗಿಯೇ ಇದ್ದಾರೆ.

ನೀನು ಸಭೆಗೆ ಬರೆದುಕೊಟ್ಟ ಹೇಳಿಕೆಯನ್ನು ಓದಿದೆ. ಎಲ್ಲರ ಹೇಳಿಕೆಗಳ ಪ್ರತಿಯೂ ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬಂದಿದೆ. ಚೆನ್ನಾಗಿ ಬರೆದಿದ್ದೀಯೆ. ಇಪ್ಪತ್ತೆರಡು ವರ್ಷದ ಕಸುಬು, ಮಕ್ಕಳ ಓದು, ಎಲ್ಲವೂ ನಿಜ. ಕೊನೆಯ ಸಾಲನ್ನು ಮಾತ್ರ ಮೂರು ಸಲ ಓದಬೇಕಾಯಿತು. ‘ಮೀನು ಮುಗಿದುಹೋಯಿತು ಎನ್ನುವವರು ಒಂದೇ ಒಂದು ಜಾಗದ ಹೆಸರು ಹೇಳಲಿ.’

ನಮ್ಮವರು ಹೇಳುವುದಿಲ್ಲ ಎಂದು ನಿನಗೆ ಗೊತ್ತು. ಗೊತ್ತಿದ್ದೇ ಬರೆದಿದ್ದೀಯೆ.

ಅಮ್ಮ ಬಲೆ ಹೆಗಲಿಗೆ ಹಾಕಿಕೊಂಡು ಹೊರಟಾಗ ಏನು ಹೇಳುತ್ತಿದ್ದಳು ನೆನಪಿದೆಯಲ್ಲ? ‘ಸುಮ್ನೆ ಹೋಗ್ಬರ್ತೀನಿ.’ ಮೀನಿಗೆ ಎಂದು ಬಾಯಿಬಿಟ್ಟರೆ ಮೀನಿಗೆ ಕೇಳಿಸುತ್ತದೆ. ಪಾದ್ರಿಗಳ ಹೊಸ ಹೆಂಡತಿ ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ನಗುನಗುತ್ತಾ ‘ಏನು ಆಂಟಿ, ಮೀನಿಗಾ?’ ಎಂದು ಕೇಳಿದ್ದಕ್ಕೆ ಅಮ್ಮ ಅಲ್ಲಿಂದಲೇ ತಿರುಗಿ ಬಂದು ಬಲೆಯನ್ನು ಗೂಟಕ್ಕೆ ತೂಗುಹಾಕಿ, ಡಬ್ಬಿಯ ಮಾಂಸ ಹುರಿದಳು. ಅಪ್ಪ ತಟ್ಟೆ ನೋಡಿ, ‘ದೇವರ ಹೆಂಗಸು ಕಣೆ ಅವಳು. ಒಂದೇ ಮಾತಿಗೆ ನಮ್ಮನೇಲಿ ಉಪವಾಸ ತಂದ್ಲು’ ಎಂದರು. ನೀನು ನಕ್ಕು, ಬಾಯಲ್ಲಿದ್ದ ಕೆಸುಗಡ್ಡೆಯ ಪೋಯಿ ಗಂಜಿಯನ್ನು ನೆತ್ತಿಗೆ ಹತ್ತಿಸಿಕೊಂಡೆ.

ಹೋಗುವುದನ್ನೇ ಹೇಳಬಾರದು ಎಂದಮೇಲೆ ಜಾಗದ ಮಾತು ದೂರವೇ ಉಳಿಯಿತು. ಪ್ರತಿ ಮನೆಗೂ ಕಡಲಲ್ಲಿ ಒಂದು ಜಾಗ, ತಲೆಮಾರಿಗೊಬ್ಬರಿಗೆ ಮಾತ್ರ ಅದರ ಗುರುತು. ನನಗೆ ಹದಿನಾರು ತುಂಬಿದ ವರ್ಷ ಅಮ್ಮ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ದಡದ ಎರಡು ಗುರುತುಗಳನ್ನು ಒಂದರ ಹಿಂದೊಂದು ಬರುವಂತೆ ಹಿಡಿಸಿ, ಬಲಕ್ಕೆ ಇನ್ನೆರಡನ್ನು ಹಿಡಿಸಿ, ಆ ಎರಡು ಗೆರೆಗಳು ಕೂಡುವಲ್ಲಿ ದೋಣಿ ನಿಲ್ಲಿಸಿ, ಹೆಸರನ್ನು ಕಿವಿಯಲ್ಲಿ ಒಮ್ಮೆ ಹೇಳಿದಳು. ‘ಒಂದು ಊಟಕ್ಕಾಗೋವಷ್ಟು ತಗೋ. ಆಮೇಲೆ ಚಂದ್ರ ಮೂರು ಸಲ ತುಂಬೋವರೆಗೂ ಈ ಕಡೆ ತಲೆ ಹಾಕ್ಬೇಡ’ ಎಂದಳು. ನೀರೊಳಗೆ ಮುಖವಿಟ್ಟು ನೋಡಿದೆ. ಹುರಿದು ತಿನ್ನುವ ಕೋಲೆ ಮೀನುಗಳು ಕಂದು ಮೋಡದಂತೆ, ಅವುಗಳ ನಡುವೆ ಹಳದಿ ಮೀನುಗಳು. ಅಮ್ಮ ಅವನ್ನು ಹಣ್ಣೆಲೆ ಎನ್ನುತ್ತಿದ್ದಳು. ಇಡೀ ಮರ ಒಮ್ಮೆಲೇ ಉದುರಿ, ಒಂದೆಲೆಯೂ ತಳ ಮುಟ್ಟದೆ ನಿಂತಂತೆ ಇತ್ತು.

ಆ ಜಾಗವನ್ನು ನಿನಗೆ ತೋರಿಸಿದವಳು ನಾನು. ಇದನ್ನು ಯಾರಿಗೂ ಹೇಳಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಹೋಟೆಲು ಕಟ್ಟುವ ಕೆಲಸ ನಿಂತು, ನಿನ್ನ ಬೆನ್ನು ಕೆಟ್ಟು, ನಿನ್ನ ಹೆಂಡತಿಗೆ ಏಳು ತಿಂಗಳಾಗಿತ್ತು. ನೀನು ನಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ‘ಒಂದೇ ಒಂದ್ ಸಲ ಅಕ್ಕ. ಅಲ್ಲಿರೋ ಹಳದಿ ಯಾರೂ ತಿನ್ನಲ್ಲ, ಅಮ್ಮಂಗೇನ್ ನಷ್ಟ?’ ಎಂದೆ. ಮಾರನೆಯ ದಿನವೇ ನಾನು ಗುರುತು ಹಿಡಿಸಿದೆ.

ಆ ಬೆಳಿಗ್ಗೆಯೂ ಆಮೇಲಿನ ಹಲವು ಬೆಳಿಗ್ಗೆಗಳೂ ನನಗೆ ಚೆನ್ನಾಗಿ ನೆನಪಿವೆ. ನೀನು ಬಂಡೆಯ ಬುಡದಲ್ಲಿ ಬಲೆಯನ್ನು ಗೋಡೆಯಂತೆ ನಿಲ್ಲಿಸಿ, ಕೋಲಿನಿಂದ ಹವಳದ ಸಂದುಗಳನ್ನು ತಿವಿದು ಮರಿಗಳನ್ನು ಓಡಿಸುತ್ತಿದ್ದೆ. ಬೆರಳುದ್ದದವೇ ಬೇಕು, ದೊಡ್ಡವು ಪೆಟ್ಟಿಗೆಗೆ ಹಿಡಿಸುವುದಿಲ್ಲ. ಆಳದಿಂದ ಮೇಲೆ ಬಂದ ಮೀನಿನ ಹೊಟ್ಟೆ ಗಾಳಿ ತುಂಬಿ ಉಬ್ಬುತ್ತದೆ. ಇಂಜೆಕ್ಷನ್ ಸೂಜಿಯಿಂದ ಪಕ್ಕೆಯಲ್ಲಿ ಚುಚ್ಚಿ ಆ ಗಾಳಿ ಬಿಡಬೇಕು. ನೀನು ಸೂಜಿಯನ್ನು ನನಗೆ ಕೊಟ್ಟುಬಿಟ್ಟೆ, ನಾನು ಒಂದೂ ತಪ್ಪದೆ ಚುಚ್ಚಿದೆ. ‘ನೀನು ನರ್ಸ್ ಆಗ್ಬೇಕಿತ್ತು ಕಣೆ’ ಎಂದೆ ನೀನು. ನನಗೆ ಹೆಮ್ಮೆಯಾಯಿತು. ವಿಮಾನದಲ್ಲಿ ಚೀಲದ ನೀರು ಕೊಳೆಯಾಗದಿರಲೆಂದು ಎರಡು ದಿನ ಅವುಗಳನ್ನು ಉಪವಾಸ ಕೆಡವುವುದೂ ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಕೊಳ್ಳುವವರು ಹಳದಿಯ ಜೊತೆಗೆ ಕೋಲೆಯನ್ನೂ ಕೇಳುತ್ತಾರೆ ಎಂದು ನೀನು ಒಂದು ದಿನ ಹೇಳಿದೆ. ಆಗಲೂ ಸುಮ್ಮನಿದ್ದೆ.

ಈಗ ಬರೆಯಬೇಕಾದದ್ದು ಅಮ್ಮನ ವಿಷಯ.

ಮೂರು ಸಲ ಬಲೆ ಬರಿದಾಗಿ ಬಂದಮೇಲೆ ಅಮ್ಮ ಹೋಗುವುದನ್ನೇ ಬಿಟ್ಟಳಲ್ಲ, ಅವತ್ತು ಊಟದ ಮೇಜಿನಲ್ಲಿ ಏನು ಹೇಳಿದಳು? ‘ಆಪರೇಷನ್ ಮಾಡೋವಾಗ ಆಸ್ಪತ್ರೇಲಿ ಮತ್ತು ಬರೋ ಔಷಧಿ ಕೊಟ್ಟಿದ್ರಲ್ಲ, ಆಗ ನಾನು ಆ ಹೆಸರು ಬಾಯಿಬಿಟ್ಟಿರ್ಬೇಕು. ಅದಕ್ಕೇ ಜಾಗ ನನ್ನ ಮೇಲೆ ಮುನಿಸ್ಕೊಂಡಿದೆ.’ ಆಪರೇಷನ್ ಕೋಣೆಯಲ್ಲಿದ್ದ ನರ್ಸನ್ನು ಹುಡುಕಿಕೊಂಡು ಹೋಗಿ, ಮತ್ತಿನಲ್ಲಿ ತಾನು ಏನಾದರೂ ಮಾತಾಡಿದ್ದುಂಟೇ ಎಂದು ಕೇಳಿ ಬಂದಿದ್ದಳಂತೆ. ನಾನು ನಿನ್ನ ಮುಖ ನೋಡಿದೆ. ನೀನು ಪೋಯಿ ಬಟ್ಟಲು ನೋಡುತ್ತಿದ್ದೆ. ಒಂದು ಮಾತು ಸಾಕಾಗಿತ್ತು. ನೀನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಬದುಕಿದ್ದ ಒಂಬತ್ತು ವರ್ಷವೂ ಅಮ್ಮ ತಾನೇ ತಪ್ಪಿತಸ್ಥೆ ಎಂದುಕೊಂಡಿದ್ದಳು. ಅವಳ ಪೆಟ್ಟಿಗೆಯ ಮೇಲೆ ಮಣ್ಣು ಹಾಕುವಾಗಲೂ ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಆರು ವರ್ಷದ ನಮ್ಮ ಮೌನ ಇದೇ ಅಲ್ಲವೆ?

ಮೂರು ವಾರದ ಹಿಂದೆ ಚರ್ಚಿನ ಜಗಲಿಯಲ್ಲಿ ನಿಷೇಧ ಬೇಕೆನ್ನುವವರೆಲ್ಲ ಸೇರಿದ್ದೆವು. ಕಾಲೇಜಿನಿಂದ ಬಂದ ಹುಡುಗಿಯೊಬ್ಬಳು ಯಾರ ಜಾಗದಲ್ಲಿ ಮೀನು ಕಡಿಮೆಯಾಗಿದೆ ಎಂದು ಕೇಳಿದಳು. ಎಲ್ಲರೂ ಚಪ್ಪಲಿ ನೋಡಿಕೊಂಡರು. ಕೊನೆಗೆ ಅಂಕಲ್ ಕೊಲೊಮೊನಾ ಎದ್ದರು. ಬಲೆ ಹಾಕುವುದರಲ್ಲಿ ಅಮ್ಮನಿಗೇ ಗುರುವಾಗಿದ್ದವರು, ಎಂಬತ್ತು ದಾಟಿದೆ. ‘ನಂದು ಖಾಲಿ. ಹದಿನೈದು ವರ್ಷ ಆಯ್ತು. ನನ್ನ ಪಾಪ ಅಂದ್ಕೊಂಡು ಬಾಯ್ ಮುಚ್ಕೊಂಡಿದ್ದೆ’ ಎಂದರು. ಅವರ ನಾದಿನಿ ಮುಖ ಮುಚ್ಚಿಕೊಂಡು ತನ್ನದೂ ಖಾಲಿ ಎಂದಳು. ಹಿಂದಿನ ಬೆಂಚಿನಿಂದ ಇನ್ನೊಬ್ಬರು. ಹೀಗೆ ಏಳು ಮನೆ. ಯಾರೂ ಯಾರಿಗೂ ಹೇಳದಿದ್ದರಿಂದ ಪ್ರತಿಯೊಬ್ಬರೂ ತಮ್ಮದೊಂದೇ ಬರಿದಾಗಿದೆ ಎಂದುಕೊಂಡಿದ್ದರು. ಅಮ್ಮನ ಹಾಗೆಯೇ. ಮೀನನ್ನು ಕಾಯಲೆಂದು ಕಟ್ಟಿದ ಮೌನದ ಮರೆಯಲ್ಲಿಯೇ ಮೀನು ಹೋಯಿತು, ಲೋಪಾಕ. ನಮಗೆ ನಾವೇ ಅಡ್ಡ ನಿಂತಿದ್ದೆವು.

ಆದರೂ ನಾಳೆ ಹೆಸರು ಹೇಳಲು ಒಬ್ಬರೂ ಒಪ್ಪಲಿಲ್ಲ. ಅಂಕಲ್ ಬರುತ್ತಾರೆ, ಆದರೆ ‘ಎಲ್ಲಿ ಅಂತ ಕೇಳಿದ್ರೆ ನನ್ ನಾಲಿಗೆ ಏಳಲ್ಲಮ್ಮ’ ಎಂದರು. ಅವರನ್ನು ದೂರಲಾರೆ. ಹೆಸರು ಹೇಳಿದ ಮರುಕ್ಷಣ ಅದು ಕಡತಕ್ಕೆ ಸೇರುತ್ತದೆ, ನಕ್ಷೆಗೆ ಏರುತ್ತದೆ. ದೋಣಿ ಇರುವ ಯಾರು ಬೇಕಾದರೂ ಅಲ್ಲಿಗೆ ಹೋಗಬಹುದು. ಹೇಳಿದರೆ ಜಾಗ ನಮ್ಮದಾಗಿ ಉಳಿಯುವುದಿಲ್ಲ. ಹೇಳದಿದ್ದರೆ ಪರವಾನಗಿ ಬರುತ್ತದೆ, ಜಾಗ ನಮ್ಮದಾಗಿದ್ದೂ ಅಲ್ಲಿ ಏನೂ ಇರುವುದಿಲ್ಲ.

ಕಳೆದ ಭಾನುವಾರ ಒಬ್ಬಳೇ ಹೋಗಿ ಮುಖವಿಟ್ಟು ನೋಡಿ ಬಂದೆ. ದೊಡ್ಡ ಹಳದಿ ನಾಲ್ಕಿವೆ. ಅವು ನಲವತ್ತು ವರ್ಷ ಬದುಕಬಲ್ಲವಂತೆ. ನಾನು ಹದಿನಾರರಲ್ಲಿ ಕಂಡವೇ ಇರಬಹುದು. ಸಂದುಗಳಲ್ಲಿ ಒಂದೂ ಮರಿ ಇಲ್ಲ. ಮೇಯುವವರಿಲ್ಲದೆ ಹವಳದ ಮೇಲೆ ಪಾಚಿ ಹಬ್ಬಿದೆ. ನಾನು ದೋಣಿಯ ಅಂಚು ಹಿಡಿದು, ನೀರಿನಲ್ಲೇ, ಅಮ್ಮನ ಕ್ಷಮೆ ಕೇಳಿದೆ. ಬಾಯಿಗೆ ಉಪ್ಪು ನೀರು ನುಗ್ಗಿತು.

ಮೂರು ನಿಮಿಷದಲ್ಲಿ ಒಂದು ಹೆಸರು ಏನನ್ನಾದರೂ ತಡೆದೀತೇ, ನನಗೆ ಗೊತ್ತಿಲ್ಲ. ನಂಬಿಕೆಯೂ ಅಷ್ಟಿಲ್ಲ. ಬೇರೆ ದಾರಿ ಮಾತ್ರ ಕಾಣುತ್ತಿಲ್ಲ.

ನೀನು ನನಗಿಂತ ಮೊದಲು ಮಾತಾಡುತ್ತೀಯೆ. ನಿನ್ನ ಬಾಯಿಂದ ಆ ಹೆಸರು ಬಂದರೆ, ‘ಅಲ್ಲಿ ಇತ್ತು, ಈಗಿಲ್ಲ’ ಎಂಬ ಎರಡೇ ಮಾತು ಬಂದರೆ, ಇಪ್ಪತ್ತಾರನೆಯವಳು ಎದ್ದು ನಿಲ್ಲುವುದಿಲ್ಲ. ಹಿಡಿದವನೇ ಹೇಳಿದ್ದನ್ನು ಯಾರೂ ಅಲ್ಲಗಳೆಯಲಾರರು. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಮೊದಲು ಜಾಗದ ಹೆಸರು, ಆಮೇಲೆ ಅಮ್ಮನದು, ಗುರುತು ತೋರಿಸಿ ಸೂಜಿ ಹಿಡಿದ ನನ್ನದು, ಕೊನೆಗೆ ನಿನ್ನದು. ಆ ಸಭೆಯಲ್ಲಿ ಇದ್ದಕ್ಕಿದ್ದಂತೆ ಕೇಳಿ ನೀನು ಒಬ್ಬನೇ ಆಗಬಾರದೆಂದು ಇಂದೇ ತಿಳಿಸುತ್ತಿದ್ದೇನೆ. ಸಂಜೆ ನಾನೇ ಬಂದು ಈ ಕಾಗದವನ್ನು ನಿನ್ನ ಗೇಟಿನ ಡಬ್ಬಿಗೆ ಹಾಕಿ ಹೋಗುತ್ತೇನೆ. ಬಾಗಿಲು ತಟ್ಟುವುದಿಲ್ಲ.

ಈ ಕಾಗದದಲ್ಲಿಯೂ ಆ ಹೆಸರು ಬರೆದಿಲ್ಲ, ನೋಡು. ಇನ್ನು ಒಂದು ರಾತ್ರಿ ಅದು ನಮ್ಮಿಬ್ಬರದೇ ಆಗಿರಲಿ.

ನಿನ್ನ ಬೆನ್ನುನೋವು ಕಡಿಮೆಯಾಗಲಿ. ನಿನ್ನ ಮಕ್ಕಳು ಎಂದಾದರೂ ಅಲ್ಲಿ ನೀರಿಗೆ ಮುಖವಿಟ್ಟು ಹಣ್ಣೆಲೆ ಕಾಣುವಂತಾಗಲಿ. ನಾಳೆ ಬೆಳಿಗ್ಗೆ ಮನೆಯಲ್ಲಿ ಎಲ್ಲಿಗೆ ಎಂದು ಕೇಳಿದರೆ, ಸುಮ್ಮನೆ ಹೋಗಿಬರುತ್ತೇನೆ ಎಂದೇ ಹೇಳಿ ಹೊರಡುವವಳಿದ್ದೇನೆ. ನೀನೂ ಹಾಗೆಯೇ ಹೇಳಿ ಬಾ.

ನಿನ್ನ ಅಕ್ಕ,
ಹೌನಾನಿ