ದೇವವ್ವನ ಹೆಸರಿನ ಚೀಲ

ರಾಣೇಬೆನ್ನೂರು
೧೫ ಫೆಬ್ರವರಿ ೨೦೨೫, ಶನಿವಾರ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಇಂಜಿನಿಯರ್, ಹಾಗೂ ನನ್ನ ಗಂಡ ಶ್ರೀ ವಿಜಯಮಹಾಂತೇಶ ಅವರಿಗೆ,

ಸುಧಾರಾಣಿಯ ನಮಸ್ಕಾರ. ಅಕ್ಕ ಮಹೇಶ್ವರಿಯ ಮನೆಯಲ್ಲಿ ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ನಿನ್ನೆಯ ಸಂದೇಶದಿಂದಲೇ ಗೊತ್ತಾಯಿತು. ಮದುವೆಯಾದ ಮೇಲೆ ನಿಮ್ಮ ಹೆಸರು ಹಿಡಿದು ಎಂದೂ ಬರೆದವಳಲ್ಲ. ಇವತ್ತು ಬರೆದೆ. ಕೈಗೆ ಏನೂ ಆಗಲಿಲ್ಲ.

ಮೊಬೈಲಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಅಲ್ಲಿ ನಾನು ಎಷ್ಟು ಬರೆದರೂ ನೀವು ಹೆಬ್ಬೆಟ್ಟಿನ ಚಿತ್ರವೊಂದನ್ನು ಕಳಿಸಿ ಮುಗಿಸಿಬಿಡುತ್ತೀರಿ. ಅದಕ್ಕೇ ಕಾಗದ.

ನಿಮ್ಮ ಸಂದೇಶದ ಮೊದಲ ಸಾಲು, ‘ಮನಿ ಬಿಕೋ ಅನ್ನಾಕತ್ತೇತಿ, ಲಗೂ ಬಾ’ ಎಂದಿತ್ತು. ಸುಳ್ಳೇಕೆ, ಓದಿ ಸಂತೋಷವಾಯಿತು. ಅಕ್ಕನನ್ನು ಕೂಗಿ ಕರೆದೂ ಬಿಟ್ಟೆ. ಅವಳು ಒಳಗಿಂದ ಬರುವಷ್ಟರಲ್ಲಿ ಎರಡನೇ ಸಾಲು ಓದಿದ್ದೆ: ‘ಸೋಮವಾರ ವರ್ತಕರು ಕೂಡತಾರ. ಚೀಲದಾಗ ಇದ್ದದ್ದು ದೇವವ್ವನೇ ತಂದದ್ದು, ನಮ್ಮ ಕಂಪ್ಯೂಟರ್ ಪ್ರೋಗ್ರಾಮ್ ಬರೋಬ್ಬರಿ ಐತಿ ಅಂತ ಒಂದು ಬರದು ಕೊಡು. ಪ್ರೋಗ್ರಾಮ್ ಮಾಡಿದಾಕಿ ನೀನು, ನೀ ಹೇಳಿದ್ರ ನಂಬ್ತಾರ.’ ಅಕ್ಕ ಬಂದು ಏನು ಎಂದು ಕೇಳಿದಳು. ಏನಿಲ್ಲ ಎಂದೆ. ಅಷ್ಟು ಹೊತ್ತು ಸಂತೋಷಪಟ್ಟೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಹೇಳಿಕೊಳ್ಳಲು ನಿಮಗೆ ನಾಚಿಕೆಯಾಗುತ್ತಿರಬೇಕು, ನಾನೇ ಹೇಳುತ್ತೇನೆ. ಕದರಮಂಡಲಗಿಯ ದೇವವ್ವ ನಿಮ್ಮ ತಂದೆ ಸಿದ್ದಲಿಂಗಪ್ಪನವರ ಕಾಲದಿಂದಲೂ ನಮ್ಮ ಅಂಗಡಿಗೇ ಮಾಲು ತರುವವರು. ಅವರ ಬ್ಯಾಡಗಿ ಕಡ್ಡಿ ಮೆಣಸಿನಕಾಯಿಯ ಬಣ್ಣ, ಸುಕ್ಕು ಎರಡನ್ನೂ ಮೆಚ್ಚಿ ಒಂದು ಮಸಾಲೆ ಕಂಪನಿಯವರು, ಬೆಳೆದವರ ಹೆಸರು ಚೀಲದ ಮೇಲೆ ಇರಲಿ, ಬೇರೆ ಯಾರದ್ದೂ ಬೆರೆಸಬೇಡಿ ಎಂದು ಕೇಳಿದರು. ನಾವು ಕಳಿಸಿದೆವು. ದೇವವ್ವನ ಹೆಸರು ಹೊತ್ತ ಚೀಲಗಳು ಹೋದ ದಾರಿಯಲ್ಲೇ ತಿರುಗಿ ಬಂದವು, ಬಿಚ್ಚಿದರೆ ಒಳಗೆ ನುಣುಪಾದ ಗುಂಟೂರು ಕಾಯಿಯೂ ಬೆರೆತಿತ್ತು. ಬೆರಕೆ ಮಾಲಿನ ಹೆಂಗಸು ಎಂದು ಪೇಟೆಯಲ್ಲೆಲ್ಲ ಮಾತಾಯಿತು. ಮೊನ್ನೆ ಗುರುವಾರ ಟೆಂಡರಿಗೆ ಬಂದ ಖರೀದಿದಾರರು ಅವರ ರಾಶಿಯ ಮುಂದೆ ನಿಂತು, ಚೀಟಿಯ ಮೇಲಿನ ಹೆಸರು ಓದಿ, ಮುಂದೆ ಹೋದರಂತೆ. ಕಾಯಿಯನ್ನು ಕೈಯಲ್ಲಿ ಹಿಡಿದು ಕೂಡ ನೋಡಲಿಲ್ಲವಂತೆ. ಸೋಮವಾರ ವರ್ತಕರು ಕೂತು ಬೆರಕೆ ಎಂದು ತೀರ್ಮಾನಿಸಿದರೆ ಇನ್ನು ಆ ಹೆಸರಿಗೆ ಬ್ಯಾಡಗಿಯಲ್ಲಿ ಯಾರೂ ದರ ಹಾಕುವುದಿಲ್ಲ.

ಅದು ಹೇಗೆ ಬೆರಕೆಯಾಯಿತು ಎಂಬುದು ಮಾತ್ರ ನಿಮಗೆ ಮರೆತುಹೋಗಿದೆ. ಇರಲಿ, ಇಂಜಿನಿಯರ್ ಸಾಹೇಬರಿಗೆ ಬಾಲವಾಡಿಯ ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತೇನೆ.

ಗೋದಾಮಿನಲ್ಲಿಟ್ಟ ಕಾಯಿ ಒಣಗುತ್ತದೆ, ಚೀಲದ ತೂಕ ಇಳಿಯುತ್ತದೆ, ಕಳಿಸುವ ಮುಂಚೆ ನಾಲ್ಕು ಬೊಗಸೆ ಹಾಕಿ ತೂಕ ತುಂಬಿಸುತ್ತಾರೆ. ನಮ್ಮ ಪೇಟೆಯಲ್ಲಿ ಎಲ್ಲರೂ ಮಾಡುವುದೇ ಅದು. ಪುಡಿ ಗಿರಣಿಗೆ ಹೋಗುವ ಚೀಲಗಳಿಗಾಗಿ ನೀವು ಪ್ರೋಗ್ರಾಮಿನಲ್ಲಿ ‘ತೂಕ ತುಂಬಿಸು’ ಎಂಬ ಭಾಗ ಬರೆದಿರಿ. ಮೆಣಸಿನಕಾಯಿಯ ಚೀಲವೊಂದನ್ನು ಅದಕ್ಕೆ ಕೊಟ್ಟರೆ, ಗೋದಾಮಿನಲ್ಲಿ ಹತ್ತಿರ ಯಾವ ಕಾಯಿ ಇದೆಯೋ ಅದನ್ನು ತುಂಬಲು ಚೀಟಿ ಹೊರಡಿಸುತ್ತದೆ. ಅಲ್ಲಿಯವರೆಗೆ ಸರಿ. ಸೀಜನ್ನಿನ ಗಡಿಬಿಡಿಯಲ್ಲಿ ದೇವವ್ವನ ಚೀಲವನ್ನೂ ಅದರ ಕೈಗೇ ಕೊಟ್ಟಿರಿ. ಪ್ರೋಗ್ರಾಮ್ ಓಡುವ ಮೊದಲೇ ಸಾಲುಸಾಲಾಗಿ ಓದಿ, ಕೇಳಿದ ಬಗೆ ಯಾವುದು, ಕೊಟ್ಟ ಬಗೆ ಯಾವುದು ಎಂದು ತಾಳೆ ನೋಡುವ ಟೈಪ್ ಚೆಕರ್ ಅನ್ನು ನಾನು ಕೂರಿಸಿದ್ದೆನಲ್ಲ, ಅದು ಆ ಸಾಲಿಗೆ ಕೆಂಪು ಗೆರೆ ಎಳೆಯಿತು. ಬ್ಯಾಡಗಿ ಕಾಯಿಯ ಚೀಲ, ಮೆಣಸಿನಕಾಯಿಯ ಚೀಲದ ಜಾಗದಲ್ಲಿ ಸಲ್ಲದು ಎಂದಿತು.

ಆಗ ನಾನು ಅಕ್ಕನ ಬಾಣಂತನಕ್ಕೆ ಇಲ್ಲಿದ್ದೆ. ನೀವು ಫೋನು ಮಾಡಿ ನಕ್ಕಿರಿ. ‘ಬ್ಯಾಡಗಿ ಕಾಯಿ ಮೆಣಸಿನಕಾಯಿ ಅಲ್ಲೇನ? ನಿನ್ನ ಈ ಶಾಣ್ಯಾ ಚೆಕರ್‌ಗ ತಲೀನ ಇಲ್ಲ’ ಎಂದಿರಿ.

ಅದಕ್ಕೆ ಅದೂ ಗೊತ್ತಿತ್ತು, ಸ್ವಾಮಿ. ಒಂದೇ ಒಂದು ಬ್ಯಾಡಗಿ ಕಾಯಿಯನ್ನು, ಮೆಣಸಿನಕಾಯಿ ಬೇಕು ಎಂದವನಿಗೆ ಕೊಟ್ಟಿದ್ದರೆ ಅದು ಚಕಾರ ಎತ್ತುತ್ತಿರಲಿಲ್ಲ. ನೀವು ಕೊಟ್ಟದ್ದು ಕಾಯಿಯನ್ನಲ್ಲ, ಬಾಯಿ ಬಿಚ್ಚಿದ ಚೀಲವನ್ನು. ಮೆಣಸಿನಕಾಯಿಯ ಚೀಲ ಎಂದು ತೆಗೆದುಕೊಂಡವನು ಅದರೊಳಗೆ ಯಾವ ಮೆಣಸಿನಕಾಯಿಯನ್ನಾದರೂ ಸುರಿಯಬಹುದು, ಅವನ ಲೆಕ್ಕಕ್ಕೆ ಅದು ತಪ್ಪಲ್ಲ. ಸುರಿದ ಮೇಲೂ ನಮ್ಮ ಲೆಕ್ಕದಲ್ಲಿ ಅದು ಬ್ಯಾಡಗಿ ಚೀಲವೆಂದೇ, ದೇವವ್ವನ ಹೆಸರಿನಲ್ಲೇ ಉಳಿದಿರುತ್ತದೆ. ಅದಕ್ಕೇ ಕಾಯಿಗೆ ಒಪ್ಪುವ ಮಾತು ಚೀಲಕ್ಕೆ ಒಪ್ಪುವುದಿಲ್ಲ. ಬಾಯಿ ಹೊಲಿದು, ಬರೀ ನೋಡಲು, ತೂಗಲು ಕೊಡುವುದಾದರೆ ಅಡ್ಡಿಯಿಲ್ಲ ಎಂದು ಕೆಂಪು ಗೆರೆಯ ಕೆಳಗೆ ಅದು ದಾರಿಯನ್ನೂ ತೋರಿಸಿತ್ತು. ಆ ಹೊತ್ತಿಗೆ ಯಾರೂ ಒಂದು ಕಾಯಿಯನ್ನೂ ಸುರಿದಿರಲಿಲ್ಲ. ಸುರಿಯಲು ಅವಕಾಶವಿದೆ ಎಂಬುದಷ್ಟೇ ಅದಕ್ಕೆ ತಡೆಯಲು ಸಾಕಾಗಿತ್ತು.

ನೀವೇನು ಮಾಡಿದಿರಿ? ಸಾಲಿನ ತುದಿಗೆ ‘ಟೈಪ್ ಇಗ್ನೋರ್’, ಅಂದರೆ ಬಗೆ ನೋಡಬೇಡ, ಎಂದು ಬರೆದು ಅದರ ಬಾಯಿ ಮುಚ್ಚಿಸಿದಿರಿ. ಅದನ್ನು ತೆಗೆಯಿರಿ ಎಂದು ನಾನು ಅವತ್ತೇ ಹೇಳಿದೆ. ‘ಆತು, ತಗೀತೇನಿ’ ಎಂದಿರಿ. ನಂಬಿದೆ. ಪ್ರೋಗ್ರಾಮ್ ಓಡಿಸುವ ಪೈಥಾನ್ ಪಾಪದ್ದು, ಬಗೆ ಗಿಗೆ ನೋಡದೆ ಹೇಳಿದ್ದನ್ನು ಮಾಡುತ್ತದೆ, ಮಾಡಿತು. ಚೀಟಿ ಬಂತು. ಇದು ಗುಂಟೂರು ಕಾಯಿ ಅಲ್ಲವೇ ಎಂದು ಹಮಾಲರು ಕೇಳಿದ್ದಕ್ಕೆ, ಮೊಬೈಲಿನಿಂದ ಕಣ್ಣೆತ್ತದೆ ‘ಕಂಪ್ಯೂಟರ್ ಹೇಳೇತಿ, ತುಂಬ್ರಿ’ ಎಂದಿರಂತೆ. ಚೀಲಗಳು ತಿರುಗಿ ಬಂದ ದಿನ, ಅಷ್ಟರಲ್ಲಿ ಬ್ಯಾಡಗಿಗೆ ಮರಳಿದ್ದ ನಾನು ಪ್ರೋಗ್ರಾಮ್ ತೆರೆದು ನೋಡಿದರೆ ಆ ಎರಡು ಪದ ಅಲ್ಲೇ ಕೂತಿದ್ದವು. ಅವತ್ತೇ ನಾನು ಬ್ಯಾಗು ತುಂಬಿಕೊಂಡು ಹೊರಟದ್ದು. ಅತ್ತೆ ಪ್ರೇಮವ್ವನವರಿಗೆ ಮಾತ್ರ ನೀವು ‘ಅಕ್ಕನ ಕೂಸು ನೋಡಾಕ ಹೋಗ್ಯಾಳ’ ಎಂದು ಹೇಳಿದ್ದೀರಂತೆ.

ತಪ್ಪು ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಬರೆದ ಪ್ರೋಗ್ರಾಮೂ ದಿನಾ ಆ ಚೆಕರ್‌ನಿಂದ ಬೈಸಿಕೊಳ್ಳುತ್ತದೆ. ಆದರೆ ನಿಮ್ಮ ತಪ್ಪನ್ನು ಎತ್ತಿ ದೇವವ್ವನ ತಲೆಗೆ ಕಟ್ಟಲು ಹೊರಟಿರಲ್ಲ, ಅದು ಹೇಸಿಗೆ. ಇವತ್ತು ಬೆಳಿಗ್ಗೆ ಕದರಮಂಡಲಗಿಗೆ ಹೋಗಿ, ಶನಿವಾರ ತಪ್ಪಿಸದೆ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬಂದಿರಿ. ಗುಡಿಯ ಹಿಂದಿನ ಓಣಿಯಲ್ಲೇ ಅವರ ಮನೆ. ಅತ್ತ ಮುಖ ತಿರುಗಿಸದೆ ಗಾಡಿ ಹತ್ತಿದಿರಿ. ನನಗೆ ಹೇಗೆ ಗೊತ್ತು ಎಂದು ಕೊನೆಗೆ ಹೇಳುತ್ತೇನೆ.

ನನ್ನನ್ನೂ ನೀವು ಬಾಯಿ ಬಿಚ್ಚಿದ ಚೀಲ ಎಂದುಕೊಂಡಿದ್ದೀರಿ. ನಿಮಗೆ ಬೇಕಾದ ಮಾತು ಸುರಿದು, ಮೇಲೆ ಸುಧಾರಾಣಿ ಎಂದು ಚೀಟಿ ಅಂಟಿಸಿ ವರ್ತಕರಿಗೆ ಒಪ್ಪಿಸಬೇಕು. ನಾನು ಬರೆದು ಕೊಡುವುದಿಲ್ಲ.

ಸೋಮವಾರ ವರ್ತಕರು ಕೂಡುವ ಮೊದಲು, ದೇವವ್ವನ ರಾಶಿಯ ಪಕ್ಕದಲ್ಲಿ ನಿಂತು, ಬೆರೆಸಿದ್ದು ನಾನು ಎಂದು ನೀವೇ ಹೇಳಬೇಕು. ಕಂಪ್ಯೂಟರ್ ಎನ್ನಬಾರದು, ಹಮಾಲರು ಎನ್ನಬಾರದು. ಹೇಳಿದರೆ ಮನೆಗೆ ಬರುತ್ತೇನೆ ಎಂದು ಆಸೆ ತೋರಿಸುವುದಿಲ್ಲ. ಹೇಳದಿದ್ದರೆ ಬರುವುದಿಲ್ಲ ಎಂಬುದು ಮಾತ್ರ ಖಾತ್ರಿ.

ಇಂತಿ,
ಸುಧಾರಾಣಿ
(ಇಲ್ಲಿ ‘ನಿಮ್ಮ’ ಎಂದು ಬರೆಯುವ ರೂಢಿ. ಸೋಮವಾರದವರೆಗೆ ಜಾಗ ಖಾಲಿ ಇರಲಿ.)

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕದೆ ದೇವವ್ವನ ಕೈಗೇ ಕೊಟ್ಟಿದ್ದೇನೆ. ಗುಡಿಯಲ್ಲಿ ನಿಮ್ಮನ್ನು ಕಂಡು, ಮಾತಾಡಿಸಲು ಕಾದು, ನೀವು ಹೊರಟ ಮೇಲೆ ಅವರು ಬಸ್ಸು ಹತ್ತಿ ನನ್ನಲ್ಲಿಗೆ ಬಂದರು. ಈಗ ನಿಮ್ಮ ಎದುರಿಗೆ ಅಂಗಡಿಯ ಗಾದಿಯ ಅಂಚಿನಲ್ಲಿ ಕೂತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ, ಅದು ನಿಮಗೂ ಗೊತ್ತು. ‘ಸುಧಾ ಒಪ್ಯಾಳಬೇ, ನೀ ಮನಿಗೆ ಹೋಗು’ ಎಂದುಬಿಟ್ಟರಾಯಿತು ಎಂದು ಈಗಾಗಲೇ ನಿಮಗೆ ಹೊಳೆದಿರಬಹುದು. ಹಾಗೆ ಮಾಡಬೇಡಿ. ಗಟ್ಟಿಯಾಗಿ ಓದಿ. ಇದನ್ನೆಲ್ಲ ನಾನು ಅವರಿಗೆ ಒಮ್ಮೆಯಲ್ಲ, ಎರಡು ಸಲ ಓದಿ ಹೇಳಿದ್ದೇನೆ. ತೀರಾ ಕೆಟ್ಟದಾಗಿ ಬೈದಿದ್ದ ಒಂದು ಸಾಲನ್ನು, ‘ಎಷ್ಟಾದ್ರೂ ಗಂಡ ಅದಾನ, ಅದೊಂದು ಬ್ಯಾಡ ಬಿಡವ್ವಾ’ ಎಂದು ಅವರೇ ಹೊಡೆದು ಹಾಕಿಸಿದರು. ಉಳಿದವುಗಳಲ್ಲಿ ನೀವು ಯಾವ ಸಾಲನ್ನು ಹಾರಿಸಿದರೂ ಅವರಿಗೆ ತಿಳಿಯುತ್ತದೆ.